ಜನ ಇದ್ದಾರೆ, ಘೋಷಣೆ ಇಲ್ಲ: ಬ್ರಿಟನ್ನಿನ ವಿರೋಧ ಪಕ್ಷಗಳ ಯುರೋಪ್ ಲೆಕ್ಕ

ಧಾರವಾಡದ ಓದುಗರೊಬ್ಬರ ಪತ್ರದ ಸಾರ ಇಷ್ಟು. ಐರೋಪ್ಯ ಒಕ್ಕೂಟ ಬಿಟ್ಟಿದ್ದು ತಪ್ಪಾಯಿತು ಅಂತ ಬ್ರಿಟನ್ನಿನ ಅರ್ಧಕ್ಕಿಂತ ಹೆಚ್ಚು ಜನ ಸಮೀಕ್ಷೆಗಳಲ್ಲಿ ಹೇಳುತ್ತಿದ್ದಾರೆ. ಆದರೂ ಅಲ್ಲಿನ ಯಾವ ದೊಡ್ಡ ಪಕ್ಷವೂ ‘ಮತ್ತೆ ಸೇರೋಣ’ ಎಂದು ಎದೆ ತಟ್ಟಿ ಚುನಾವಣೆಗೆ ಹೋಗುತ್ತಿಲ್ಲ. ಇದು ಹೇಡಿತನವಲ್ಲದೆ ಇನ್ನೇನು? ಅದಿರಲಿ, ಕನ್ನಡ ಪತ್ರಿಕೆಯಲ್ಲಿ ಇದನ್ನೆಲ್ಲ ಓದಿ ನಮಗೇನಾಗಬೇಕು?

ಸಂಪಾದಕರ ಉತ್ತರ

ಸರ್, ನಮಸ್ಕಾರ. ಎರಡನೇ ಪ್ರಶ್ನೆ ಬರೆಯುವಾಗ ನಿಮಗೆ ಸ್ವಲ್ಪ ಸಿಟ್ಟು ಬಂದಿತ್ತು ಅಂತ ಕಾಣುತ್ತದೆ. ಅದಕ್ಕೆ ಕೊನೆಗೆ ಬರುತ್ತೇನೆ. ಮೊದಲು ಹೇಡಿತನದ ಮಾತು.

ಹೇಡಿತನ ಇಲ್ಲ ಅಂತ ನಾನೂ ಹೇಳಲಾರೆ. ಆದರೆ ಧೈರ್ಯ ಮಾಡಿದವರಿಗೆ ಏನಾಯಿತು ಅಂತಲೂ ನೋಡಬೇಕಲ್ವಾ? 2019ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷ ಆ ಧೈರ್ಯ ಮಾಡಿತು. ಆ ವರ್ಷ ಮೇ ತಿಂಗಳಲ್ಲಿ ನಡೆದ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಲೇಬರ್, ಕನ್ಸರ್ವೇಟಿವ್ ಎಂಬ ಎರಡು ದೊಡ್ಡ ಪಕ್ಷಗಳನ್ನೂ ಹಿಂದೆ ಹಾಕಿ ಅದು ಎರಡನೇ ಸ್ಥಾನಕ್ಕೆ ಬಂದಿತ್ತು. ಗೆಲುವು ತಲೆಗೇರಿತು. ಸೆಪ್ಟೆಂಬರ್ ಸಮಾವೇಶದಲ್ಲಿ ಹೊಸ ನಿಲುವು ಬಂತು: ನಮಗೆ ಬಹುಮತ ಕೊಡಿ, ಇನ್ನೊಂದು ಜನಮತಗಣನೆಯೂ ಬೇಡ, ಒಕ್ಕೂಟ ಬಿಡುವುದನ್ನೇ, ಅಂದರೆ ಬ್ರೆಕ್ಸಿಟ್ಟನ್ನೇ, ರದ್ದು ಮಾಡುತ್ತೇವೆ. 2016ರ ಜನಮತಗಣನೆಯಲ್ಲಿ 1.74 ಕೋಟಿ ಜನ ಸಾಲಲ್ಲಿ ನಿಂತು ‘ಒಕ್ಕೂಟ ಬಿಡೋಣ’ ಅಂತ ಹಾಕಿದ ಮತವನ್ನು ಹೀಗೆ ಒಂದೇ ಏಟಿಗೆ ಅಳಿಸುತ್ತೇವೆ ಅಂದರೆ, ಒಕ್ಕೂಟದಲ್ಲೇ ಇರಬೇಕೆಂದವರಿಗೂ ಅದು ಅತಿಯಾಯಿತು. ಡಿಸೆಂಬರ್ ಚುನಾವಣೆಯಲ್ಲಿ ಪಕ್ಷಕ್ಕೆ ದಕ್ಕಿದ್ದು 11 ಸೀಟು. ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರದಲ್ಲೇ 149 ಮತಗಳಿಂದ ಸೋತರು.

ಈಗ 2024 ನೋಡಿ. ಅದೇ ಪಕ್ಷಕ್ಕೆ 72 ಸೀಟು. ಮತ ಜಾಸ್ತಿ ಬಿತ್ತಾ? ಇಲ್ಲ. 2019ರಲ್ಲಿ ಸುಮಾರು 37 ಲಕ್ಷ ಇದ್ದದ್ದು 35 ಲಕ್ಷಕ್ಕೆ ಇಳಿದಿತ್ತು. ಮತ ಕಮ್ಮಿ, ಸೀಟು ಆರು ಪಟ್ಟಿಗೂ ಮೇಲೆ. ಹೊಸ ನಾಯಕ ಎಡ್ ಡೇವಿ ಪ್ರಚಾರದಲ್ಲಿ ಯುರೋಪ್ ಅಂತ ಬಾಯಿ ಬಿಟ್ಟಿದ್ದೇ ಅಪರೂಪ. ವಿಂಡರ್‌ಮಿಯರ್ ಸರೋವರದಲ್ಲಿ ಹಲಗೆಯ ಮೇಲಿಂದ ನೀರಿಗೆ ಬಿದ್ದರು, ಬಂಜಿ ಹಗ್ಗ ಕಟ್ಟಿಕೊಂಡು ಹಾರಿದರು. ನಡುವೆ ನದಿಗೆ ಬಿಡುವ ಚರಂಡಿ ನೀರು, ಆಸ್ಪತ್ರೆಯ ಸರದಿ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಪಾಡು, ಇಷ್ಟೇ ಮಾತು. ಪ್ರಣಾಳಿಕೆಯಲ್ಲಿ ಮಾತ್ರ ಯುರೋಪಿಗೆ ಹಂತಹಂತವಾಗಿ ಹತ್ತಿರವಾಗುವ ದಾರಿ, ಮುಂದೆಂದಾದರೂ ಒಕ್ಕೂಟಕ್ಕೆ ಮರಳುವ ಗುರಿ ಎಲ್ಲ ಅಚ್ಚಾಗಿತ್ತು. ಗೆದ್ದ ಕ್ಷೇತ್ರಗಳ ಪಟ್ಟಿಯಂತೂ ಮಜವಾಗಿದೆ. ಪ್ರಧಾನಿಯಾಗಿ ಜನಮತಗಣನೆ ಕರೆದ ಡೇವಿಡ್ ಕ್ಯಾಮೆರಾನ್ ಒಂದು ಕಾಲಕ್ಕೆ ಗೆಲ್ಲುತ್ತಿದ್ದ ವಿಟ್ನಿ. ಅವರ ನಂತರ ಪ್ರಧಾನಿಯಾಗಿ ಒಕ್ಕೂಟ ಬಿಡುವ ನೋಟಿಸ್ ಕೊಟ್ಟ ಥೆರೆಸಾ ಮೇ ಅವರ ಮೇಡನ್‌ಹೆಡ್. ಬಿಡಬೇಕೆಂದು ಊರೂರು ಸುತ್ತಿದ ಮೈಕೇಲ್ ಗೋವ್ ಅವರ ಸರ್ರಿ ಹೀತ್.

ಹಾಗಾದರೆ ಯುರೋಪಿನ ಮಾತೇ ಎತ್ತದಿರುವುದು ಜಾಣತನವಾ? ನನಗೆ ಹಾಗೆ ಅನ್ನಿಸುವುದಿಲ್ಲ. ಒಕ್ಕೂಟದ ಪರ ಇದ್ದವರನ್ನು ಕೆಡಿಸಿದ್ದು ಮೌನವೂ ಅಲ್ಲ, ಗಟ್ಟಿ ದನಿಯೂ ಅಲ್ಲ. ‘ನನಗೆ ಪೂರ್ತಿ ಬೇಕು, ಅರ್ಧ ಬೇಡ’ ಅನ್ನುವ ಹಟ. ಅದು ಬಟ್ಟ ಬಯಲಾದದ್ದು 2019ರ ಏಪ್ರಿಲ್ 1ರ ರಾತ್ರಿ.

ಒಕ್ಕೂಟ ಬಿಡಲು ಥೆರೆಸಾ ಮೇ ತಂದ ಒಪ್ಪಂದ ಆಗ ಸಂಸತ್ತಿನಲ್ಲಿ ಮೂರು ಸಲ ಬಿದ್ದುಹೋಗಿತ್ತು. ಸರ್ಕಾರಕ್ಕೆ ದಾರಿ ತೋಚದಾದಾಗ ಸಂಸದರು ತಾವೇ ಒಂದೊಂದು ಪರಿಹಾರವನ್ನು ಮತಕ್ಕೆ ಹಾಕಿದರು. ಹಿರಿಯ ಕನ್ಸರ್ವೇಟಿವ್ ಕೆನ್ ಕ್ಲಾರ್ಕ್ ಅವರದು ಸರಳ ಪ್ರಸ್ತಾಪ: ಒಕ್ಕೂಟ ಬಿಡೋಣ, ಕಸ್ಟಮ್ಸ್ ಯೂನಿಯನ್ (ನಮ್ಮ ನಡುವೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ) ಇಟ್ಟುಕೊಳ್ಳೋಣ. ಪರ 273, ವಿರೋಧ 276. ಬರೀ ಮೂರು ಮತ! ಇನ್ನೊಂದು ಜನಮತಗಣನೆಯ ಪ್ರಸ್ತಾಪಕ್ಕೆ ಪರ 280, ವಿರೋಧ 292. ಜನಮತಗಣನೆ ಬೇಕೆಂದವರಲ್ಲಿ ಬೆರಳೆಣಿಕೆಯ ಮಂದಿ ಕ್ಲಾರ್ಕ್ ಪ್ರಸ್ತಾಪಕ್ಕೂ ಕೈ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಸ್ಕಾಟಿಷ್ ನ್ಯಾಷನಲ್ ಪಕ್ಷದವರು ತಟಸ್ಥರಾಗಿ ಉಳಿದರು. ಮೆತ್ತನೆಯ ಬ್ರೆಕ್ಸಿಟ್‌ಗೆ ಒಪ್ಪಿದರೆ ಬ್ರೆಕ್ಸಿಟ್ ನಿಲ್ಲಿಸುವ ಅವಕಾಶ ತಪ್ಪುತ್ತದೆ ಅನ್ನುವುದು ಹಲವರ ಲೆಕ್ಕ. ಕೊನೆಗೆ ಸಿಕ್ಕಿದ್ದು ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಅವರ, ಕಸ್ಟಮ್ಸ್ ಯೂನಿಯನ್ನೂ ಇಲ್ಲದ ಗಟ್ಟಿ ಬ್ರೆಕ್ಸಿಟ್.

ಆ ಡಿಸೆಂಬರ್‌ನಲ್ಲಿ ಇದೇ ಕಥೆ ಮತ್ತೊಮ್ಮೆ. ಇನ್ನೊಂದು ಜನಮತಗಣನೆಯ ಪರ ಇದ್ದ ಪಕ್ಷಗಳಿಗೆ ಬಿದ್ದ ಮತ ಒಟ್ಟು ಕೂಡಿದರೆ ಅರ್ಧಕ್ಕಿಂತ ತುಸು ಜಾಸ್ತಿಯೇ. ಆದರೆ ಒಬ್ಬರ ಕಾಲು ಒಬ್ಬರು ಎಳೆದರು. ಲಿಬರಲ್ ಡೆಮಾಕ್ರಾಟ್, ಗ್ರೀನ್, ವೇಲ್ಸಿನ ಪ್ಲೈಡ್ ಕಮ್ರಿ ಸೇರಿ 60 ಕ್ಷೇತ್ರಗಳಲ್ಲಿ ಹೊಂದಾಣಿಕೆ ಮಾಡಿಕೊಂಡವು. ಲೇಬರ್ ಅದರಲ್ಲಿ ಇರಲಿಲ್ಲ. ಆ ಕಡೆ ಬ್ರೆಕ್ಸಿಟ್ ಪಕ್ಷದ ನಾಯಕ ನೈಜೆಲ್ ಫರಾಜ್ ಕನ್ಸರ್ವೇಟಿವ್ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ತಮ್ಮ ಅಭ್ಯರ್ಥಿಗಳನ್ನೇ ನಿಲ್ಲಿಸಲಿಲ್ಲ. ಜಾನ್ಸನ್‌ಗೆ 365 ಸೀಟು ಬಂತು.

ಫರಾಜ್ ಹೆಸರು ಬಂತಲ್ಲ, ಆ ಮನುಷ್ಯ ನನಗೆ ಇಷ್ಟವಿಲ್ಲ. ಆದರೆ ವಿರೋಧ ಪಕ್ಷದಲ್ಲಿದ್ದು ಕೆಲಸ ಆಗಿಸುವುದು ಹೇಗೆ ಅಂತ ಅವರಿಂದಲೇ ಕಲಿಯಬೇಕು. ಸಂಸತ್ತಿಗೆ ಏಳು ಸಲ ನಿಂತು ಸೋತರು. ಗೆದ್ದದ್ದು ಎಂಟನೇ ಸಲ, 2024ರಲ್ಲಿ. 2013ರ ಜನವರಿಯಲ್ಲಿ ಕ್ಯಾಮೆರಾನ್ ಜನಮತಗಣನೆಯ ಭರವಸೆ ಕೊಟ್ಟಾಗ ಫರಾಜ್ ಪಕ್ಷಕ್ಕೆ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಗೆದ್ದು ಬಂದ ಒಬ್ಬ ಸದಸ್ಯನೂ ಇರಲಿಲ್ಲ. ಅವರ ಕೈಲಿದ್ದದ್ದು ಹೆದರಿಕೆ ಮಾತ್ರ: ನಮ್ಮ ಮಾತು ಕೇಳದಿದ್ದರೆ ನಿಮ್ಮ ಮತ ಒಡೆಯುತ್ತೇವೆ. ಒಕ್ಕೂಟದ ಪರ ಇರುವವರು ಲೇಬರ್ ಪಕ್ಷಕ್ಕೆ ಇಂಥ ಹೆದರಿಕೆ ಹುಟ್ಟಿಸಲೇ ಇಲ್ಲ. ‘ಇವರು ಎಲ್ಲಿಗೆ ಹೋದಾರು, ನಮಗೇ ಹಾಕುತ್ತಾರೆ’ ಅಂತ ಲೇಬರ್ ನಾಯಕರು ನಿಶ್ಚಿಂತೆಯಿಂದ ಇದ್ದುಬಿಟ್ಟರು.

ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಕಥೆ ನಿಮಗೆ ಗೊತ್ತೇ ಇರುತ್ತದೆ. 2018ರಲ್ಲಿ ಲಿವರ್‌ಪೂಲ್ ಸಮಾವೇಶದಲ್ಲಿ ಒಕ್ಕೂಟದಲ್ಲೇ ಉಳಿಯುವ ಆಯ್ಕೆಯನ್ನು ಯಾರೂ ಕೈಬಿಟ್ಟಿಲ್ಲ ಎಂದು ಚಪ್ಪಾಳೆ ಗಿಟ್ಟಿಸಿದವರು. ನಾಯಕರಾದ ಮೇಲೆ, 2020ರ ಡಿಸೆಂಬರ್ ಕೊನೆಯಲ್ಲಿ, ಜಾನ್ಸನ್ ತಂದ ವ್ಯಾಪಾರ ಒಪ್ಪಂದಕ್ಕೆ ಮತ ಹಾಕಿಸಿದರು. 2022ರಲ್ಲಿ ಮೂರು ಗೆರೆ ಎಳೆದರು: ಏಕ ಮಾರುಕಟ್ಟೆ (ಒಕ್ಕೂಟದ ಎಲ್ಲ ದೇಶಗಳಿಗೂ ಒಂದೇ ವ್ಯಾಪಾರ ನಿಯಮ) ಇಲ್ಲ, ಕಸ್ಟಮ್ಸ್ ಯೂನಿಯನ್ ಇಲ್ಲ, ಜನರ ಮುಕ್ತ ಓಡಾಟ ಇಲ್ಲ. ಬೋಲ್ಸೋವರ್, ಟೋನಿ ಬ್ಲೇರ್ ಅವರ ಹಳೆ ಕ್ಷೇತ್ರ ಸೆಜ್‌ಫೀಲ್ಡ್ ಎಲ್ಲ 2019ರಲ್ಲಿ ಕೈತಪ್ಪಿದ್ದವು. ಅಂಥ ಕಡೆಗಳು ವಾಪಸ್ ಬರಬೇಕಿತ್ತು. 2024ರಲ್ಲಿ ಹೆಚ್ಚಿನವು ಬಂದವು, ಲೇಬರ್ ಸರ್ಕಾರವೂ ಬಂತು.

ಈಗಿನ ಜಗಳ ನಿಂತಿರುವುದು ಆ ಗೆರೆಗಳ ಮೇಲೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಕಸ್ಟಮ್ಸ್ ಯೂನಿಯನ್ ಅಂದರೇನು ಅಂತ ಅಲ್ಲಿನ ಸಂಸದರೇ ಕಲಸಿಬಿಡುತ್ತಾರೆ. ಸಂಡರ್‌ಲ್ಯಾಂಡ್‌ನಲ್ಲಿ ತಯಾರಾದ ಕಾರು ಫ್ರಾನ್ಸಿಗೆ ಹೋಗಬೇಕು ಅಂದುಕೊಳ್ಳಿ. ಈಗಿನ ಒಪ್ಪಂದದಲ್ಲೂ ಸುಂಕ ಇಲ್ಲ. ಆದರೆ ಈ ಕಾರಿನ ಇಷ್ಟು ಭಾಗ ಬ್ರಿಟನ್ ಅಥವಾ ಯುರೋಪಿನದ್ದೇ ಅಂತ ಕಾಗದದಲ್ಲಿ ತೋರಿಸಬೇಕು. ಬ್ಯಾಟರಿ ಚೀನಾದಿಂದ ಬಂದಿದ್ದರೆ ತಾಪತ್ರಯ. ಕಸ್ಟಮ್ಸ್ ಯೂನಿಯನ್ ಬಂದರೆ ಈ ಕಾಗದ ಬೇಡ. ಆದರೆ ಸಾಮರ್ಸೆಟ್‌ನಲ್ಲಿ ಚೀಸ್ ಮಾಡುವವನಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಅವನ ಪೆಟ್ಟಿಗೆ ಗಡಿ ದಾಟಬೇಕಾದರೆ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪತ್ರ ಬೇಕು. ಅದು ಸುಂಕದ ವಿಷಯ ಅಲ್ಲ, ಆಹಾರದ ನಿಯಮದ ವಿಷಯ. ಅದಕ್ಕೆ ಬೇರೆ ಒಪ್ಪಂದ ಮಾಡೋಣ ಅಂತ 2025ರ ಮೇ 19ರಂದು ಲಂಡನ್ನಿನ ಶೃಂಗಸಭೆಯಲ್ಲಿ ಎರಡೂ ಕಡೆಯವರು ತಲೆಯಾಡಿಸಿದರು. ಬದಲಿಗೆ ಬ್ರಿಟನ್ 2038ರವರೆಗೆ ತನ್ನ ಸಮುದ್ರದಲ್ಲಿ ಯುರೋಪಿನ ಮೀನು ದೋಣಿಗಳನ್ನು ಬಿಟ್ಟುಕೊಳ್ಳಬೇಕು.

2025ರ ಜನವರಿಯಿಂದ ಎಡ್ ಡೇವಿ ಕಸ್ಟಮ್ಸ್ ಯೂನಿಯನ್ ಬೇಕು ಅಂತ ನೇರವಾಗಿ ಕೇಳುತ್ತಿದ್ದಾರೆ. ಅದೇ ವರ್ಷದ ಡಿಸೆಂಬರ್ 9ರಂದು ಅವರ ಪಕ್ಷದ, ಅದೇ ಸರ್ರಿ ಹೀತ್‌ನ, ಸಂಸದ ಅಲ್ ಪಿಂಕರ್ಟನ್ ಈ ಬಗ್ಗೆ ಮಸೂದೆ ಮಂಡಿಸಲು ಅನುಮತಿ ಕೇಳಿದರು. ಪರ 100, ವಿರೋಧ 100. ಚರ್ಚೆ ಮುಂದುವರಿಯಲಿ ಎಂಬ ಪದ್ಧತಿಯಂತೆ ಪೀಠದಲ್ಲಿದ್ದ ಉಪಸಭಾಧ್ಯಕ್ಷೆ ಪರವಾಗಿ ಮತ ಹಾಕಿದರು. ಇಂಥ ಮಸೂದೆ ಕಾನೂನಾಗುವುದು ಅಪರೂಪ, ಅದು ಎಲ್ಲರಿಗೂ ಗೊತ್ತು. ಮುಖ್ಯವಾದದ್ದು ಬೇರೆ. ದೂರ ಇರಿ ಎಂದು ಲೇಬರ್ ಪಕ್ಷ ಹೇಳಿದ್ದರೂ ಅದರ ಒಂದಿಷ್ಟು ಸಂಸದರು ಹೋಗಿ ಪರವಾಗಿ ಮತ ಹಾಕಿದರು. ಫರಾಜ್ ಹುಟ್ಟಿಸುತ್ತಿದ್ದ ಹೆದರಿಕೆ ಮೊದಲ ಸಲ ಈ ಕಡೆಯಿಂದ ಕಂಡದ್ದು ಹೀಗೆ. 2024ರಲ್ಲಿ ನಗರಗಳ ಹಲವು ಲೇಬರ್ ಕ್ಷೇತ್ರಗಳಲ್ಲಿ ಗ್ರೀನ್ ಪಕ್ಷ ಎರಡನೇ ಸ್ಥಾನಕ್ಕೆ ಬಂದಿತ್ತು. ಆ ಸಂಸದರಿಗೆ ರಾತ್ರಿ ನಿದ್ದೆ ಕೆಡುವುದು ಫರಾಜ್‌ನಿಂದ ಅಲ್ಲ, ಎಡಕ್ಕೆ ಜಾರುವ ಮತದಿಂದ.

ಆದ್ದರಿಂದ ನೀವು ಕೇಳಿದ ‘ಮತ್ತೆ ಸೇರೋಣ’ ಎಂಬ ಘೋಷಣೆಗೆ ಇದು ಕಾಲ ಅಲ್ಲ ಅನ್ನುತ್ತೇನೆ. ಸೇರಲು 27 ದೇಶಗಳೂ ಒಪ್ಪಬೇಕು. 1963ರಲ್ಲೂ 1967ರಲ್ಲೂ ಫ್ರಾನ್ಸಿನ ಡಿಗಾಲ್ ಬ್ರಿಟನ್ ಮುಖಕ್ಕೇ ಬಾಗಿಲು ಹಾಕಿದ್ದರು. 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಜಗಳವಾಡಿ ಪಡೆದ, ಒಕ್ಕೂಟಕ್ಕೆ ಕಟ್ಟುವ ಹಣದಲ್ಲಿನ ರಿಯಾಯಿತಿ ಮತ್ತೆ ಸಿಗುತ್ತದೆ ಅಂತ ನಂಬುವವರು ಕಮ್ಮಿ. ಯೂರೋ ಕರೆನ್ಸಿಯ ಪ್ರಶ್ನೆಯೂ ಏಳುತ್ತದೆ. ಇದನ್ನೆಲ್ಲ ಚುನಾವಣೆ ಕಣದಲ್ಲಿ ಎಳೆದಾಡುವುದು ಫರಾಜ್‌ಗೆ ಹಬ್ಬ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬದಲು, ಸರ್ಕಾರ ಇವತ್ತೇ ಉತ್ತರ ಕೊಡಬೇಕಾದ ಒಂದು ಬೇಡಿಕೆ ಹಿಡಿಯುವುದು ಮೇಲು.

ಕಸ್ಟಮ್ಸ್ ಯೂನಿಯನ್ನಿನ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಟರ್ಕಿ 1995ರ ಕೊನೆಯಿಂದ ಯುರೋಪಿನ ಜೊತೆ ಅದನ್ನು ಇಟ್ಟುಕೊಂಡಿದೆ. ಒಕ್ಕೂಟ ಬೇರೆ ದೇಶದ ಜೊತೆ ಒಪ್ಪಂದ ಮಾಡಿದರೆ ಟರ್ಕಿಯೂ ತನ್ನ ಸುಂಕ ಇಳಿಸಬೇಕು. ಆದರೆ ಆ ದೇಶ ಟರ್ಕಿಯ ಸರಕಿಗೆ ಸುಂಕ ಇಳಿಸಲೇಬೇಕು ಅಂತೇನೂ ಇಲ್ಲ. ತೀರ್ಮಾನ ಮಾಡುವ ಮೇಜಿನಲ್ಲಿ ಟರ್ಕಿಗೆ ಕುರ್ಚಿಯೂ ಇಲ್ಲ. ಲಿಬರಲ್ ಡೆಮಾಕ್ರಾಟರು ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ ಅನ್ನುವುದು ನನ್ನ ಅನಿಸಿಕೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, ಆ ಪ್ರದೇಶ 2016ರಲ್ಲಿ ನೂರಕ್ಕೆ 78ಕ್ಕೂ ಹೆಚ್ಚು ಮತದಿಂದ ಒಕ್ಕೂಟದ ಪರ ನಿಂತಿತ್ತು ಅಂತ ಹೇಳಿ ನಂಟು ಕಟ್ಟಬಹುದು. ಅದು ಸುಮ್ನೆ ಮಾತಾಯಿತು. ನಿಜವಾದ ನಂಟು 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ. ಬ್ರಿಟನ್ ಒಕ್ಕೂಟದಲ್ಲೇ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ, ಯಾಕೆಂದರೆ ಸುಂಕದ ಮಾತುಕತೆ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕೈಲಿರುತ್ತದೆ. ನಾಳೆ ಕಸ್ಟಮ್ಸ್ ಯೂನಿಯನ್ ಬಂದರೆ ಇದರ ಸುಂಕದ ಭಾಗವನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಬೆಂಗಳೂರಿನ ಕಂಪನಿಗಳು ತಾತ್ಕಾಲಿಕವಾಗಿ ಅಲ್ಲಿಗೆ ಕಳಿಸುವ ನೌಕರರಿಗೆ ಮೂರು ವರ್ಷ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ (ನ್ಯಾಷನಲ್ ಇನ್ಶೂರೆನ್ಸ್) ಕಟ್ಟುವುದರಿಂದ ವಿನಾಯಿತಿ ಕೊಡುವ ಮಾತೂ ಇದರ ಜೊತೆಗೇ ಆಗಿದೆ. ಅದು ಸುಂಕವಲ್ಲ, ಹಾಗಾಗಿ ಅದಕ್ಕೆ ಧಕ್ಕೆ ಆಗಬೇಕಿಲ್ಲ. ಬಟ್ಟೆ, ಚರ್ಮದ ಸಾಮಾನು ಕಳಿಸುವವರಿಗೆ ಮಾತ್ರ ಹೊಸ ಲೆಕ್ಕ.

ಅತ್ತ ಕಡೆಯೂ ಒಂದು ಗಂಟಿದೆ. ಈ ಒಪ್ಪಂದದಲ್ಲಿ ಭಾರತ ವಿಸ್ಕಿ ಮೇಲಿನ ಸುಂಕವನ್ನು ನೂರಕ್ಕೆ 150ರಿಂದ 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸಲು ಒಪ್ಪಿದೆ. ಸುಂಕದ ಭಾಗ ಬಿಚ್ಚಿದರೆ ಇದೂ ಕೈತಪ್ಪಬಹುದು. ವಿಸ್ಕಿ ಸ್ಕಾಟ್ಲೆಂಡಿನದ್ದು. 2016ರಲ್ಲಿ ನೂರಕ್ಕೆ 62 ಮಂದಿ ಒಕ್ಕೂಟದಲ್ಲೇ ಇರೋಣ ಎಂದದ್ದೂ ಅದೇ ಸ್ಕಾಟ್ಲೆಂಡ್. ಎಡ್ ಡೇವಿ ಅಲ್ಲಿಗೆ ಮತ ಕೇಳಲು ಹೋದಾಗ ವಿಸ್ಕಿ ಕಂಪನಿಯವರು ಏನು ಕೇಳುತ್ತಾರೆ ಅಂತ ನೋಡುವ ಕುತೂಹಲ ನನಗಿದೆ.