ಪ್ರತಿಕ್ರಿಯೆ: ತಂಗಿಯ ರೀಲ್ಸ್‌ಗೆ ಜಾತಿ ಹಿಡಿದು ಬೈದ ಕಾಮೆಂಟ್‌ಗಳನ್ನು ಅಳಿಸಬೇಕಾ?

ಈಗಲೇ ಅಳಿಸಬೇಡಿ, ರಿಪೋರ್ಟ್ ಕೂಡ ಆಮೇಲೆ. ಇನ್‌ಸ್ಟಾಗ್ರಾಂನವರು ಕಾಮೆಂಟ್ ತೆಗೆದುಹಾಕಿದರೆ ನಿಮ್ಮ ಕೈಯಲ್ಲಿ ಪುರಾವೆಯೇ ಉಳಿಯಲ್ಲ. ಬರೀ ಸ್ಕ್ರೀನ್‌ಶಾಟ್ ಸಾಲದು, ಬೈದವನು ರಾತ್ರೋರಾತ್ರಿ ಯೂಸರ್‌ನೇಮ್ ಬದಲಿಸಿಬಿಡ್ತಾನೆ. ಕಂಪ್ಯೂಟರ್ ಬ್ರೌಸರ್‌ನಲ್ಲಿ ರೀಲ್ ತೆರೆದು, ಕಾಮೆಂಟಿನ ಕೆಳಗೆ '2ದಿ', '3ವಾ' ಅಂತ ಸಣ್ಣಗೆ ಕಾಣುವ ಸಮಯದ ಮೇಲೆ ಒತ್ತಿ. ಆ ಒಂದೇ ಕಾಮೆಂಟಿನ ಲಿಂಕ್ ಸಿಗುತ್ತೆ. ಅದನ್ನೂ ಅವನ ಪ್ರೊಫೈಲ್ ಲಿಂಕನ್ನೂ ತಾರೀಖಿನೊಂದಿಗೆ ಬರೆದಿಡಿ. ರೀಲ್‌ನಿಂದ ಕಾಮೆಂಟಿಗೆ, ಅಲ್ಲಿಂದ ಅವನ ಪ್ರೊಫೈಲಿಗೆ ಹೋಗುವಂತೆ ಒಂದೇ ಓಟದ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ.

ಆಮೇಲೆ ರಿಪೋರ್ಟ್. ಸೆಟ್ಟಿಂಗ್ಸ್‌ನ 'ಹಿಡನ್ ವರ್ಡ್ಸ್'ನಲ್ಲಿ (ನೀವು ಕೊಟ್ಟ ಪದಗಳಿರುವ ಕಾಮೆಂಟ್ ಮರೆಮಾಡುವ ಫಿಲ್ಟರ್) ಆ ಬೈಗುಳಗಳನ್ನು ನೀವೇ ಸೇರಿಸಿ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಮೂರು-ನಾಲ್ಕು ರೀತಿಯಲ್ಲೂ. ಹೀಗೆ ಸೇರಿಸದಿದ್ದರೆ ಫಿಲ್ಟರ್‌ನಿಂದ ಹೆಚ್ಚು ಉಪಯೋಗವಿಲ್ಲ.

ನೀವು ಪರಿಶಿಷ್ಟ ಜಾತಿಯವರು ಅಂತ ಬರೆದಿದ್ದೀರಿ. ಎಲ್ಲರಿಗೂ ಕಾಣುವ ಕಡೆ ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್), 3(1)(ಎಸ್) ಕಲಂಗಳಿವೆ. ಬೈದವನು ಪರಿಶಿಷ್ಟ ಜಾತಿ, ಪಂಗಡದವನಾಗಿದ್ದರೆ ಇವು ಅನ್ವಯಿಸಲ್ಲ. ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ಅದೇ ಕಾಯ್ದೆಯ 18ಎ ಕಲಂ ಹೇಳುತ್ತೆ. ಠಾಣೆಯಲ್ಲಿ 'ವಿಚಾರಿಸಿ ನೋಡ್ತೀವಿ' ಅಂದರೆ ಇದನ್ನು ತೋರಿಸಿ. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಹಾಕಬೇಡಿ, ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ. 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ. ನಿಮ್ಮದನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹಾಕಿ, ಪ್ರತಿಯನ್ನು ಠಾಣೆಗೆ ಒಯ್ಯಿರಿ.

ತಂಗಿಗೆ 16 ಅಂದಿರಿ. ಅವಳ ಫೋನ್ ಮಾತ್ರ ಕಿತ್ತುಕೊಳ್ಳಬೇಡಿ, ಮುಂದಿನ ಸಲ ನಿಮಗೆ ಹೇಳೋದೇ ಇಲ್ಲ. ಊಟ, ನಿದ್ದೆ ಬಿಟ್ಟಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಇವತ್ತೇ ಕರೆ ಮಾಡಿ.