ತೋಟದ ಪಕ್ಕದ ಹುಲ್ಲು ಕೊಯ್ಯದೆ ಬಿಟ್ಟರೆ ಚಿಟ್ಟೆ ಬರುತ್ತವಾ?

ಅಣ್ಣಾ, ಚನ್ನಗಿರಿ ಕಡೆಯ ನಿಮ್ಮ ಅಡಿಕೆ ತೋಟದ ಪಕ್ಕ ಐದು ಗುಂಟೆ ಹುಲ್ಲು ಹಾಗೇ ಬಿಟ್ಟರೆ ಚಿಟ್ಟೆ ಬರುತ್ತವಾ, ಹಾವು ಸೇರಿಕೊಳ್ಳಲ್ವಾ ಅಂತ ಕೇಳಿದ್ದೀರಿ. ಚಿಟ್ಟೆ ಖಂಡಿತ ಬರುತ್ತವೆ. ಹೊಳಲ್ಕೆರೆ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಮೂರು ಮಳೆಗಾಲದಿಂದ ನೋಡುತ್ತಿದ್ದೇನೆ.

ಹದಿನೈದು ದಿನಕ್ಕೊಮ್ಮೆ ವೀಡ್ ಕಟರ್ ಹೊಡೆಸುತ್ತೇನೆ ಅಂದಿರಿ. ತೊಂದರೆ ಇರುವುದೇ ಅಲ್ಲಿ. ಎಕ್ಕದ ಗಿಡದಲ್ಲಿ ಬೆಳೆಯುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯನ್ನೇ ತಗೊಳ್ಳಿ. ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ. ಹುಳ ಎಲೆ ತಿಂದು ಬಲಿಯಲು ಸುಮಾರು ಎರಡು ವಾರ. ಆಮೇಲೆ ಕೋಶದೊಳಗೆ ಎಂಟು ಹತ್ತು ದಿನ. ಅಷ್ಟರೊಳಗೆ ಎರಡು ಸಲ ಕಟರ್ ಬಂದರೆ ರೆಕ್ಕೆ ಬಿಚ್ಚುವುದಕ್ಕೆ ಒಂದೂ ಉಳಿಯಲ್ಲ.

ಹೂವಿನ ಗಿಡ ನೆಟ್ಟರೆ ಸಾಕು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಹೂವು ರೆಕ್ಕೆ ಬಂದ ಮೇಲಿನ ಊಟ. ಹುಳಕ್ಕೆ ಎಲೆ ಬೇಕು, ಅದೂ ತನಗೆ ಒಗ್ಗುವ ಗಿಡದ್ದೇ. ತಂಗಡಿ ಎಲೆ ತಿಂದು ತಿಳಿ ಬಿಳಿ ಬಣ್ಣದ ಎಮಿಗ್ರಂಟ್ ಬೆಳೆಯುತ್ತದೆ, ಹರಳಿನ ಎಲೆ ತಿಂದು ಕ್ಯಾಸ್ಟರ್ ಚಿಟ್ಟೆ. ಸಂಜೆ ಕತ್ತಲಾಗುವಾಗ ಹಾರುವ ಕಂದು ಚಿಟ್ಟೆ ಇದೆಯಲ್ಲ, ಅದರ ಹುಳಕ್ಕೆ ಹುಲ್ಲೇ ಊಟ. ಬೇಸಿಗೆಯಲ್ಲಿ ಅದು ರೆಕ್ಕೆ ಮಡಚಿ ಕೂತರೆ ಥೇಟ್ ಒಣಗಿದ ಎಲೆ! ಎಕ್ಕ, ತಂಗಡಿ ತಿನ್ನುವ ಈ ಹುಳಗಳು ಅಡಿಕೆಯನ್ನು ಮುಟ್ಟಲ್ಲ, ಹೆದರಬೇಡಿ. ಜೇನು, ತುಂಬೆ ಹೂವಿಗೆ ಬರುವ ಸಣ್ಣ ನೀಲಿ ಚಿಟ್ಟೆಗಳು ಜೊತೆಗೆ ಸಿಗುತ್ತವೆ.

ಹಾವಿನ ಭಯ ಸುಳ್ಳಲ್ಲ, ಕೊಳಕುಮಂಡಲ ಹುಲ್ಲಲ್ಲಿ ಕಾಣುವುದೇ ಇಲ್ಲ. ಮನೆ, ಕೊಟ್ಟಿಗೆ ಸುತ್ತ ಹುಲ್ಲು ಬಿಡಲೇಬೇಡಿ. ನಡೆಯುವ ದಾರಿಯನ್ನು ನಾಲ್ಕು ಅಡಿ ಅಗಲ ಸವರಿಡಿ. ಒಳಗೆ ಹೋಗುವಾಗ ಬೂಟು ಹಾಕಿಕೊಳ್ಳಿ, ಕತ್ತಲಾದ ಮೇಲೆ ಹೋಗಲೇಬೇಡಿ.

ಕಾಂಗ್ರೆಸ್ ಗಿಡ ಬಂದರೆ ಹೂ ಬಿಡುವ ಮುಂಚೆ ಕೈಗವಸು ಹಾಕಿ ಬೇರು ಸಮೇತ ಕೀಳಿ. ಕಳೆನಾಶಕ ಬೇಡ.

ಹಿಂಗಾರು ಮುಗಿದ ಮೇಲೆ ಅರ್ಧ ಭಾಗ ಮಾತ್ರ ಕುಡುಗೋಲಿನಲ್ಲಿ ಕೊಯ್ಯಿರಿ, ಬುಡದಲ್ಲಿ ಒಂದು ಗೇಣು ಉಳಿಯಲಿ. ಕೊಯ್ದದ್ದನ್ನು ಎರಡು ದಿನ ಅಲ್ಲೇ ಹರವಿಡಿ, ಹುಳಗಳು ಉಳಿದ ಹುಲ್ಲಿಗೆ ಹೋಗುತ್ತವೆ. ಆಮೇಲೆ ದನಕ್ಕೆ ಹಾಕಿ. ಇನ್ನರ್ಧವನ್ನು ಮುಂದಿನ ವರ್ಷ ಕೊಯ್ದರಾಯ್ತು. ಆದರೆ ಬೇಸಿಗೆಯ ಬೆಂಕಿಗೆ ಸುತ್ತಲೂ ಒಂದು ಪಟ್ಟಿ ಕೆರೆದಿಡಿ.

ಬದುವಿನ ಎಕ್ಕ ಕಡಿದಿಲ್ಲ ತಾನೇ? ನಾಳೆ ಬೆಳಿಗ್ಗೆ ಎಳೆ ಎಲೆಗಳನ್ನು ತಿರುಗಿಸಿ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿದ್ದರೆ ಫೋಟೋ ಹಾಕಿ.