ಮೋಷನ್ ಸೀಟ್: ಕೊಳ್ಳುವ ಮುಂಚೆ ನೋಡಬೇಕಾದದ್ದು

ಪ್ರಶ್ನೆ: ಸರ್, ಮನೆಯಲ್ಲಿ ಕಾರ್ ರೇಸಿಂಗ್ ಆಡುವ ಹುಚ್ಚು ನನಗೆ. ಲಾಜಿಟೆಕ್ ಜಿ29 ವೀಲ್ ಇದೆ, ಮಡಚಿ ಇಡುವ ಸ್ಟ್ಯಾಂಡಿಗೆ ಹಾಕಿದ್ದೇನೆ. ಕಣ್ಣಿಗೆ ಕಟ್ಟುವ ಕ್ವೆಸ್ಟ್ 3 ವಿಆರ್ ಹೆಡ್‌ಸೆಟ್ ಹಾಕಿಕೊಂಡು ಅಸೆಟ್ಟೊ ಕೋರ್ಸಾ, ಐರೇಸಿಂಗ್ ಆಡುತ್ತೇನೆ. ಈಗ ಆಟದ ಕಾರಿನ ಜೊತೆ ತಾನೂ ಬಾಗುವ, ಅಲುಗುವ ಮೋಷನ್ ಸೀಟ್ ತಗೊಳ್ಳೋಣ ಅಂತ ಮೂರು ಲಕ್ಷ ಎತ್ತಿಟ್ಟಿದ್ದೇನೆ. 2 ಡಿಓಎಫ್, 3 ಡಿಓಎಫ್, 6 ಡಿಓಎಫ್ ಅಂತೆಲ್ಲ ಇದೆ. ಯಾವುದು ಒಳ್ಳೇದು? ನಮ್ಮದು ಮೂರನೇ ಮಹಡಿಯ ಫ್ಲಾಟ್. ನೆಲ ತಡೆಯುತ್ತಾ ಅಂತ ಅಪ್ಪನಿಗೆ ಭಯ.
– ಒಬ್ಬ ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೂರು ಲಕ್ಷ ಇದೆ ಅಂತ ಅಷ್ಟನ್ನೂ ಸೀಟಿಗೇ ಸುರಿಯಬೇಡಿ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಮಡಚುವ ಸ್ಟ್ಯಾಂಡ್. ಕೆಳಗಿನ ಚೌಕಟ್ಟೇ ಗಟ್ಟಿ ಇಲ್ಲದಿದ್ದರೆ ಮೋಟಾರ್ ಕೊಡುವ ಚಲನೆ ನಿಮ್ಮ ಬೆನ್ನಿಗೆ ಬರುವುದಿಲ್ಲ, ಸ್ಟ್ಯಾಂಡ್ ಬಳುಕುವುದರಲ್ಲೇ ಕರಗಿಹೋಗುತ್ತದೆ. ಹಾಗಾಗಿ ಮೊದಲ ಖರ್ಚು ಅಲ್ಯೂಮಿನಿಯಂ ಪ್ರೊಫೈಲಿನ ರಿಗ್, ಅಂದರೆ ವೀಲ್, ಪೆಡಲ್, ಸೀಟು ಎಲ್ಲ ಕೂರುವ ಚೌಕಟ್ಟು. ಉದ್ದದ ಕಂಬಿಗಳು 40x80 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇರಲಿ. ಎರಡನೇ ಖರ್ಚು ಲೋಡ್ ಸೆಲ್ ಬ್ರೇಕ್ ಪೆಡಲ್. ಜಿ29ರ ಬ್ರೇಕ್ ಅಳೆಯುವುದು ಕಾಲು ಎಷ್ಟು ದೂರ ಹೋಯಿತು ಅನ್ನುವುದನ್ನು. ಲೋಡ್ ಸೆಲ್ ಅಳೆಯುವುದು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನು. ಹೆಡ್‌ಸೆಟ್ ಹಾಕಿಕೊಂಡವರಿಗೆ ತಮ್ಮ ಕಾಲು ಕಾಣುವುದಿಲ್ಲ, ಆದರೆ ಒತ್ತಿದ ಬಲ ಸ್ನಾಯುವಿಗೆ ನೆನಪಿರುತ್ತದೆ. ಲ್ಯಾಪ್ ಟೈಮ್ ಇಳಿಯಬೇಕು ಅನ್ನುವ ಆಸೆ ಇದ್ದರೆ ಅದನ್ನು ಇಳಿಸುವುದು ಈ ಪೆಡಲ್, ಸೀಟಲ್ಲ.

ಇನ್ನು ಡಿಓಎಫ್ ವಿಷಯ. ಸೀಟು ಎಷ್ಟು ಬಗೆಯಲ್ಲಿ ಚಲಿಸುತ್ತದೆ ಅನ್ನುವ ಲೆಕ್ಕ ಅದು, ಅಷ್ಟೇ. ಮುಂದೆ-ಹಿಂದೆ ಬಾಗಿದರೆ ಪಿಚ್, ಪಕ್ಕಕ್ಕೆ ವಾಲಿದರೆ ರೋಲ್, ಇಡೀ ಸೀಟು ಮೇಲೆ-ಕೆಳಗೆ ಹೋದರೆ ಹೀವ್. ಬಾಗದೆ ಮುಂದೆ-ಹಿಂದೆ ಜರುಗುವುದು ಸರ್ಜ್, ಪಕ್ಕಕ್ಕೆ ಜರುಗುವುದು ಸ್ವೇ, ಕೂತಲ್ಲೇ ತಿರುಗುವುದು ಯಾ (yaw). ಒಟ್ಟು ಆರು. ಹೆಚ್ಚಿದ್ದಷ್ಟೂ ಒಳ್ಳೇದು ಅಂತ ಅಂಗಡಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಯಾಕೆ ಅಂದರೆ, ಮನೆಯಲ್ಲಿಡುವ ಯಾವ ಸೀಟೂ ನಿಜವಾದ ಕಾರಿನ ಬಲವನ್ನು ಕೊಡಲಾರದು. ಫಾರ್ಮುಲಾ ಒನ್ ಕಾರು ಬ್ರೇಕ್ ಹಾಕಿದಾಗ ಚಾಲಕನ ಮೇಲೆ ಸುಮಾರು 5 ಜಿ, ಅಂದರೆ ಮೈಭಾರದ ಐದು ಪಟ್ಟು ಬಲ ಬೀಳುತ್ತದೆ, ಅದನ್ನು ಕೋಣೆಯೊಳಗೆ ತರುವುದಕ್ಕೆ ಆಗುತ್ತಾ? ಸೀಟು ಮಾಡುವುದೇನಿದ್ದರೂ ಉಪಾಯ. ನೀವು ಬ್ರೇಕ್ ಒತ್ತಿದ ಕೂಡಲೇ ಅದು ನಿಮ್ಮನ್ನು ಕೆಲವೇ ಡಿಗ್ರಿ ಮುಂದಕ್ಕೆ ಬಾಗಿಸುತ್ತದೆ. ಭೂಮಿಯ ಸೆಳೆತ ಮೈಯನ್ನು ಮುಂದಕ್ಕೆ ಜಗ್ಗುತ್ತದೆ, ಬಿಎಂಟಿಸಿ ಬಸ್ಸು ಗಕ್ಕನೆ ನಿಂತಾಗ ಮುಗ್ಗರಿಸಿದ ಹಾಗೆ ಅನಿಸುತ್ತದೆ. ಟಿವಿ ಮುಂದೆ ಕೂತು ಆಡಿದರೆ ಈ ಉಪಾಯ ಅರ್ಧ ಬಯಲಾಗುತ್ತದೆ, ಯಾಕೆಂದರೆ ಸೀಟು ಬಾಗಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಹೆಡ್‌ಸೆಟ್ ಹಾಕಿಕೊಂಡವರಿಗೆ ಕೋಣೆಯೇ ಕಾಣುವುದಿಲ್ಲ, ಕಾರಿನ ಒಳಗಷ್ಟೇ ಕಾಣುತ್ತದೆ. ಅದಕ್ಕೇ ವಿಆರ್‌ನಲ್ಲಿ ಸಣ್ಣ ಚಲನೆಯೇ ಧಾರಾಳವಾಗಿ ಸಾಕು. ಪಿಚ್, ರೋಲ್, ಜೊತೆಗೆ ಹೀವ್ ಸಿಕ್ಕರೆ ಹೀವ್. ಈ ಮೂರರಲ್ಲೇ ಬಹುಪಾಲು ಮಜಾ ಇದೆ. ಹೀವ್ ಯಾಕೆ ಅಂದರೆ, ಟ್ರ್ಯಾಕಿನ ಅಂಚಿನ ಕೆಂಪು-ಬಿಳಿ ಕರ್ಬ್ ಮೇಲೆ ಚಕ್ರ ಹತ್ತಿದಾಗ, ರಸ್ತೆ ಗಕ್ಕನೆ ಇಳಿದಾಗ ಹೊಟ್ಟೆಯಲ್ಲಿ ಆಗುವ ಅನುಭವ ಅದರಿಂದಲೇ ಬರುವುದು.

ಹೇಗೆ ಚಲಿಸುತ್ತದೆ ಅನ್ನುವುದಕ್ಕಿಂತ ಏನು ಚಲಿಸುತ್ತದೆ ಅನ್ನುವುದನ್ನು ಕೇಳಿ. ನೆಕ್ಸ್ಟ್ ಲೆವೆಲ್ ರೇಸಿಂಗ್ ಕಂಪನಿಯ ಮೋಷನ್ ಪ್ಲಾಟ್‌ಫಾರ್ಮ್ ವಿ3 ಥರದವು ಸೀಟಿನ ಕೆಳಗೆ ಕೂರುತ್ತವೆ. ಸೀಟು ಮಾತ್ರ ಬಾಗುತ್ತದೆ, ವೀಲ್ ಮತ್ತು ಪೆಡಲ್ ಇದ್ದಲ್ಲೇ ಇರುತ್ತವೆ. ಜಾಗ ಕಮ್ಮಿ ಸಾಕು, ಖರ್ಚೂ ಕಮ್ಮಿ. ಆದರೆ ಜೋರಾಗಿ ಬ್ರೇಕ್ ಒತ್ತುವ ಹೊತ್ತಿಗೇ ಸೀಟು ಮುಂದಕ್ಕೆ ಬಾಗುವುದರಿಂದ ಕಾಲಿಗೂ ಪೆಡಲಿಗೂ ಇರುವ ಅಂತರ ಬದಲಾಗುತ್ತದೆ, ಕೆಲವರಿಗೆ ಇದು ಕಿರಿಕಿರಿ. ಡಿ-ಬಾಕ್ಸ್ ಥರದ ವ್ಯವಸ್ಥೆಯಲ್ಲಿ ರಿಗ್ಗಿನ ನಾಲ್ಕು ಮೂಲೆಗೆ ನಾಲ್ಕು ಆಕ್ಚುಯೇಟರ್, ಅಂದರೆ ಮೋಟಾರಿನಿಂದ ಏರಿಳಿಯುವ ಕಾಲು, ಹಾಕುತ್ತಾರೆ. ವೀಲ್, ಪೆಡಲ್, ಸೀಟು, ನೀವು, ಎಲ್ಲ ಒಟ್ಟಿಗೇ ಏಳುತ್ತೀರಿ, ಒಟ್ಟಿಗೇ ಬಾಗುತ್ತೀರಿ. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಆದರೆ ರಿಗ್, ಪೆಡಲ್ ತೆಗೆದುಕೊಂಡ ಮೇಲೆ ನಿಮ್ಮ ಮೂರು ಲಕ್ಷದಲ್ಲಿ ಇದಕ್ಕೆ ಉಳಿಯುವುದು ಕಷ್ಟ. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಕಸ್ಟಮ್ಸ್, ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ಭಾರದ ಸಾಮಾನು, ಹಡಗಿನ ಬಾಡಿಗೆಯೇ ಕೈ ಕಚ್ಚುತ್ತದೆ.

ಈಗ ನಿಮಗೆ ಅಂಗಡಿಯವರು ಹೇಳದ ಒಂದು ವಿಷಯ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಕ್ವೆಸ್ಟ್ 3 ತನ್ನ ಕ್ಯಾಮೆರಾಗಳಿಂದ ಕೋಣೆಯ ಗೋಡೆ, ಬಾಗಿಲು, ಕಪಾಟು ನೋಡಿಕೊಂಡು ನಿಮ್ಮ ತಲೆ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಸೀಟು ಬಾಗಿದಾಗ ನೀವು ತಲೆ ಆಡಿಸಿಲ್ಲ, ಆದರೂ ತಲೆ ಜರುಗಿದ್ದು ಅದಕ್ಕೆ ಕಾಣುತ್ತದೆ. ಪರಿಣಾಮ, ಆಟದೊಳಗಿನ ಕಾರಿನಲ್ಲಿ ನಿಮ್ಮ ಮುಖ ಸುಮ್ನೆ ಡ್ಯಾಶ್‌ಬೋರ್ಡ್ ಕಡೆಗೆ ತೇಲಿಹೋಗುತ್ತದೆ. ಸಣ್ಣ ಚಲನೆಗೆ ಇದು ಗೊತ್ತಾಗುವುದೇ ಇಲ್ಲ. ಸರ್ಜ್, ಯಾ ಇರುವ ದೊಡ್ಡ ಯಂತ್ರಗಳಲ್ಲಿ ತಲೆ ಕೆಡಿಸುತ್ತದೆ. ಇದನ್ನು ಸರಿಮಾಡುವುದಕ್ಕೆ ಮೋಷನ್ ಕಾಂಪೆನ್ಸೇಷನ್ ಅಂತ ಇದೆ, ಸೀಟಿನ ಚಲನೆಯನ್ನು ತಲೆಯ ಚಲನೆಯಿಂದ ಕಳೆಯುವ ಕೆಲಸ. ಓಪನ್‌ಎಕ್ಸ್‌ಆರ್ ಮೋಷನ್ ಕಾಂಪೆನ್ಸೇಷನ್ ಅನ್ನುವ ಉಚಿತ ತಂತ್ರಾಂಶ ಸಿಗುತ್ತದೆ, ನೀವು ಆಡುವ ಐರೇಸಿಂಗ್, ಆಟಕ್ಕೂ ಹೆಡ್‌ಸೆಟ್ಟಿಗೂ ಕೊಂಡಿಯಾದ ಓಪನ್‌ಎಕ್ಸ್‌ಆರ್‌ನಲ್ಲಿ ನಡೆಯುತ್ತದೆ ಕೂಡ. ಆದರೆ ಸೀಟು ಎಷ್ಟು ಬಾಗಿತು ಅಂತ ಆ ತಂತ್ರಾಂಶಕ್ಕೆ ಯಾರಾದರೂ ಹೇಳಬೇಕಲ್ವಾ? ರಿಗ್ಗಿಗೆ ಕಟ್ಟಿದ ಟ್ರ್ಯಾಕರ್, ಅಂದರೆ ಚಲನೆ ಅಳೆಯುವ ಸಣ್ಣ ಸಾಧನ, ಹೇಳಬೇಕು, ಇಲ್ಲವೇ ಸೀಟಿನ ತಂತ್ರಾಂಶವೇ ಹೇಳಬೇಕು. ಕ್ವೆಸ್ಟಿನ ಕಂಟ್ರೋಲರನ್ನೇ ರಿಗ್ಗಿಗೆ ಕಟ್ಟುವವರಿದ್ದಾರೆ, ಆದರೆ ನೀವು ತಿರುವಿನ ಕಡೆ ಮುಖ ತಿರುಗಿಸಿದಾಗ ಅದು ಕ್ಯಾಮೆರಾ ಕಣ್ಣಿಂದ ತಪ್ಪಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಇದೊಂದನ್ನು ಬರಹದಲ್ಲಿ ಕೇಳಿ: ನಿಮ್ಮ ಸೀಟಿನ ತಂತ್ರಾಂಶ ಟ್ರ್ಯಾಕರ್ ಇಲ್ಲದೆ ಕ್ವೆಸ್ಟಿಗೆ ಕಾಂಪೆನ್ಸೇಷನ್ ಕೊಡುತ್ತದಾ? ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದರೆ ಬೇರೆ ಅಂಗಡಿ ನೋಡಿ.

ನೆಲದ ಬಗ್ಗೆ ಅಪ್ಪನಿಗೆ ಧೈರ್ಯ ಹೇಳಿ. ನಮ್ಮಲ್ಲಿ ವಾಸದ ಕೋಣೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಹೊರುವಂತೆ ವಿನ್ಯಾಸ ಮಾಡುವುದು ರೂಢಿ. ರಿಗ್ಗು, ನೀವು, ಮೋಟಾರು ಎಲ್ಲ ಸೇರಿದ ಭಾರ ಹೆಚ್ಚುಕಮ್ಮಿ ಅಷ್ಟೇ, ಅದೂ ಒಂದು ಮೂಲೆಯಲ್ಲಿ ಮಾತ್ರ. ತೊಂದರೆ ಭಾರದ್ದಲ್ಲ, ಸದ್ದಿನದು. ಆಕ್ಚುಯೇಟರ್ ಕುಟ್ಟುವ ಸದ್ದು ಸ್ಲ್ಯಾಬಿನೊಳಗೆ ಇಳಿದು ಕೆಳಗಿನ ಮನೆಯವರ ಮಲಗುವ ಕೋಣೆಗೆ ಹೋಗುತ್ತದೆ. ಪ್ರತಿ ಕಾಲಿನ ಕೆಳಗೂ ದಪ್ಪ ರಬ್ಬರ್ ಪ್ಯಾಡ್ ಹಾಕಿ, ರಾತ್ರಿ ಹತ್ತರ ಮೇಲೆ ಮೋಷನ್ ಆಫ್ ಮಾಡಿ ಆಡಿ.

ನನ್ನ ಸಲಹೆ ಕೇಳಿದರೆ, ಈಗ ರಿಗ್, ಪೆಡಲ್, ಜೊತೆಗೆ ಸೀಟಿನ ಕೆಳಗೆ ಒಂದೆರಡು ಬಾಸ್ ಶೇಕರ್, ಅಂದರೆ ಸೀಟನ್ನು ನಡುಗಿಸುವ ಸಾಧನ. ಬಟ್‌ಕಿಕ್ಕರ್ ಥರದ್ದು. ಇಂಜಿನ್ನಿನ ನಡುಕ, ಗೇರ್ ಬಿದ್ದ ಪೆಟ್ಟು, ಚಕ್ರ ಲಾಕ್ ಆದದ್ದು, ಎಲ್ಲ ಸಿಮ್‌ಹಬ್ ತಂತ್ರಾಂಶದ ಮೂಲಕ ಮೈಗೇ ಗೊತ್ತಾಗುತ್ತದೆ. ಇದು ತಲೆಯನ್ನು ಜರುಗಿಸುವುದಿಲ್ಲ, ಹಾಗಾಗಿ ಕಾಂಪೆನ್ಸೇಷನ್ ರಗಳೆಯೂ ಇಲ್ಲ. ಉಳಿದ ಹಣ ಹಾಗೇ ಇಡಿ, ಸ್ವಲ್ಪ ಕೂಡಿಸಿಕೊಂಡು ಆಮೇಲೆ ನಾಲ್ಕು ಮೂಲೆಯ ಆಕ್ಚುಯೇಟರ್ ತಗೊಳ್ಳಿ. ಅಷ್ಟು ತಾಳ್ಮೆ ಇಲ್ಲ ಅಂದರೆ ಸೀಟಿನ ಕೆಳಗಿನ 2 ಡಿಓಎಫ್ ಆದೀತು. ಆಗ ಸೀಟು ಮಾತ್ರ ಬೆನ್ನು ಮಡಚದ ಫೈಬರ್ ಬಕೆಟ್ ಸೀಟೇ ಇರಲಿ. ಶಿವಾಜಿನಗರದ ಗುಜರಿಯಲ್ಲಿ ಸಿಗುವ ಹಳೇ ಕಾರಿನ ಸೀಟು ಕೂರಲು ಹಿತ, ಆದರೆ ಭಾರ. ಅದರ ಹಿಂಜು ಲೊಡಲೊಡ ಅಂದರೆ ಸಣ್ಣ ಚಲನೆಯೆಲ್ಲ ಅಲ್ಲೇ ಸತ್ತುಹೋಗುತ್ತದೆ.

ಪ್ರಶ್ನೆ: ವಿಆರ್‌ನಲ್ಲಿ ಹತ್ತು ನಿಮಿಷ ಕಾರು ಓಡಿಸಿದರೆ ನನಗೆ ಹೊಟ್ಟೆ ತೊಳಸುತ್ತದೆ. ಮೋಷನ್ ಸೀಟ್ ಹಾಕಿಸಿದರೆ ಸರಿಹೋಗುತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಅದನ್ನೇ ನಂಬಿಕೊಂಡು ಹಣ ಹಾಕಬೇಡಿ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಕೂತಿದ್ದೇನೆ ಅನ್ನುತ್ತದೆ, ಆ ಜಗಳಕ್ಕೇ ಹೊಟ್ಟೆ ತೊಳಸುವುದು. ಸೀಟು ಸರಿಯಾದ ಹೊತ್ತಿಗೆ ಸರಿಯಾದ ದಿಕ್ಕಿಗೆ ಬಾಗಿದರೆ ಕೆಲವರಿಗೆ ಜಗಳ ಕಮ್ಮಿಯಾಗುತ್ತದೆ. ತಡವಾಗಿ ಬಾಗಿದರೆ ಇನ್ನೂ ಜಾಸ್ತಿಯಾಗುತ್ತದೆ. ಮೊದಲು ಖರ್ಚಿಲ್ಲದ್ದನ್ನು ಮಾಡಿ. ಗ್ರಾಫಿಕ್ಸ್ ಇಳಿಸಿ, 90 ಹರ್ಟ್ಸ್‌ನಲ್ಲಿ ಚಿತ್ರ ಎಲ್ಲೂ ತಡವರಿಸದಂತೆ ನೋಡಿಕೊಳ್ಳಿ. ಆಟದಲ್ಲಿ ದಿಗಂತವನ್ನು ಸ್ಥಿರವಾಗಿಡುವ ಆಯ್ಕೆ ಇದ್ದರೆ ಹಾಕಿ. ಮುಖಕ್ಕೆ ಫ್ಯಾನ್ ಗಾಳಿ ಬೀಳಲಿ. ಮೈ ಬೆವರಿದ ಕೂಡಲೇ ನಿಲ್ಲಿಸಿ, ಹಠ ಹಿಡಿದು ಲ್ಯಾಪ್ ಮುಗಿಸಲು ಹೋಗಬೇಡಿ. ಇಷ್ಟಾದ ಮೇಲೂ ಸೀಟ್ ಬೇಕು ಅನಿಸಿದರೆ, ಯಾರದಾದರೂ ಮನೆಯಲ್ಲೋ ರೇಸಿಂಗ್ ಸಿಮ್ಯುಲೇಟರ್ ಸೆಂಟರಿನಲ್ಲೋ ನಿಮ್ಮದೇ ಹೆಡ್‌ಸೆಟ್ ಹಾಕಿಕೊಂಡು ಕೂತು ನೋಡಿ ಆಮೇಲೆ ತಗೊಳ್ಳಿ.

ಪ್ರಶ್ನೆ: ನಾನು ಐಟಿಐ ಫಿಟ್ಟರ್. ಮೋಷನ್ ರಿಗ್ ನಾನೇ ಮಾಡಿಕೊಳ್ಳಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಮಾಡಬಹುದು, ನಿಮ್ಮಂಥವರು ಮಾಡಬೇಕು ಕೂಡ. ಎಸ್‌ಎಫ್‌ಎಕ್ಸ್-100 ಅನ್ನುವ ಮುಕ್ತ ವಿನ್ಯಾಸ ಇದೆ. ನಾಲ್ಕು ಸರ್ವೋ ಮೋಟಾರ್, ನಾಲ್ಕು ಬಾಲ್ ಸ್ಕ್ರೂ, ಅಲ್ಯೂಮಿನಿಯಂ ಪ್ರೊಫೈಲ್, ತ್ರೀಡಿ ಪ್ರಿಂಟ್ ಮಾಡಿದ ಭಾಗಗಳು, ಮೋಟಾರುಗಳನ್ನು ನಿಯಂತ್ರಿಸುವ ಒಂದು ಆರ್ಡುಯಿನೊ ಬೋರ್ಡ್. 100 ಮಿ.ಮೀ. ಏರಿಳಿತ ಸಿಗುತ್ತದೆ. ಯಂತ್ರದ ಕೆಲಸ ನಿಮಗೆ ನೀರು ಕುಡಿದಷ್ಟು ಸುಲಭ. ಹುಷಾರಾಗಿರಬೇಕಾದದ್ದು ಕರೆಂಟಿನ ಕಡೆ. ಸರ್ವೋ ಡ್ರೈವ್‌ಗಳು ಮನೆಯ 230 ವೋಲ್ಟಿನಲ್ಲೇ ನಡೆಯುತ್ತವೆ, ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ರಿಗ್ಗಿನ ಚೌಕಟ್ಟಿಗೆ ಅರ್ಥಿಂಗ್ ಕೊಡಿ, ವೈರಿಂಗನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮನೆಯ ಇನ್ವರ್ಟರ್ ಲೈನಿಗೆ ಜೋಡಿಸಬೇಡಿ. ಹೆಡ್‌ಸೆಟ್ ಹಾಕಿಕೊಂಡೇ ಕೈಗೆ ಸಿಗುವ ಜಾಗದಲ್ಲಿ ಕೆಂಪು ಎಮರ್ಜೆನ್ಸಿ ಬಟನ್ ಇರಲೇಬೇಕು. ಕರೆಂಟ್ ಹೋಗಿ ಬಂದಾಗ ರಿಗ್ ತಾನಾಗಿ ಏಳಬಾರದು, ನೀವು ಸ್ಟಾರ್ಟ್ ಬಟನ್ ಒತ್ತಿದ ಮೇಲೇ ಏಳಬೇಕು. ವಿಆರ್‌ನಲ್ಲಿರುವವರಿಗೆ ಪಕ್ಕದಲ್ಲಿ ಮಗು ಬಂದು ರಿಗ್ಗಿನ ಕೆಳಗೆ ಕೈ ಇಟ್ಟರೂ ಕಾಣುವುದಿಲ್ಲ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಯೇ ಆಡಿ.

ಪ್ರಶ್ನೆ: ಪ್ಲೇಸ್ಟೇಷನ್ 5ನಲ್ಲಿ (ಪಿಎಸ್5) ಗ್ರಾನ್ ಟುರಿಸ್ಮೊ 7 ಆಡುತ್ತೇನೆ, ಪಿಎಸ್ ವಿಆರ್2 ಹೆಡ್‌ಸೆಟ್ ಇದೆ. ಮೋಷನ್ ಸೀಟ್ ನಡೆಯುತ್ತಾ?
– ಓದುಗರು, ಉಡುಪಿ

ಉತ್ತರ: ನಡೆಯುತ್ತದೆ, ಆದರೆ ನಡುವೆ ಒಂದು ಕಂಪ್ಯೂಟರ್ ಬೇಕು. ಈ ಆಟ ಕಾರಿನ ಮಾಹಿತಿಯನ್ನು ಮನೆಯ ನೆಟ್‌ವರ್ಕಿಗೆ ಕಳಿಸುತ್ತದೆ, ಸಿಮ್‌ಹಬ್ ಅದನ್ನು ಓದುತ್ತದೆ. ಆದರೆ ಪಿಎಸ್5 ಒಳಗೆ ಕಾಂಪೆನ್ಸೇಷನ್ ತಂತ್ರಾಂಶ ಹಾಕಲು ದಾರಿಯಿಲ್ಲ. ಹಾಗಾಗಿ ನಿಮಗೆ ಬಾಸ್ ಶೇಕರ್ ಸರಿ, ಇಲ್ಲವೇ ಬಹಳ ಕಡಿಮೆ ಬಾಗುವಂತೆ ಇಟ್ಟ 2 ಡಿಓಎಫ್ ಸೀಟು.